ಸಿಡುಕು ರಾಜಕುಮಾರನ ಗುಟ್ಟು

ಕಾದಂಬರಿಗಳ ರಾಜಕುಮಾರನಿಗೆ ಒಂದು ಕಾಯಿಲೆ. ಹಿರಿಯರು ಗೊತ್ತು ಮಾಡಿದ ಹೆಂಡತಿಯ ಮೇಲೆ ಪ್ರಾಣವನ್ನೇ ಇಟ್ಟಿರುತ್ತಾನೆ, ಬಾಯಿ ಬಿಟ್ಟರೆ ಮಾತ್ರ ಬೆಂಕಿ! ಮುನ್ನೂರು ಪುಟ ಗದರಿ, ಕೊನೆಯ ಪುಟದಲ್ಲಿ ಕಣ್ಣೀರಿಡುತ್ತಾನೆ. ಓದುಗರು ಕರಗಿ ನೀರಾಗುತ್ತಾರೆ.

ಚರಿತ್ರೆಯ ಅರಮನೆಗೆ ಹೋದರೆ ಕತೆಯೇ ಬೇರೆ. ಇಂಗ್ಲೆಂಡಿನ ಯುವರಾಜ ಜಾರ್ಜ್ ಮೈತುಂಬ ಸಾಲ ಮಾಡಿಕೊಂಡಿದ್ದ. ಮದುವೆಯಾದರೆ ಸಾಲ ತೀರುವ ದಾರಿ ಆಗುತ್ತದೆಂದು 1795ರಲ್ಲಿ ಬ್ರನ್ಸ್‌ವಿಕ್‌ನ ಕ್ಯಾರೊಲಿನ್‌ಳನ್ನು ಒಪ್ಪಿಕೊಂಡ. ವಧುವಿನ ಮುಖ ನೋಡಿದ್ದೇ ತಡ, ಮೈಗೆ ಹುಷಾರಿಲ್ಲವೆಂದು ಒಂದು ಲೋಟ ಬ್ರಾಂದಿ ಕೇಳಿದ. ಅವಳೂ ಏನು ಕಡಿಮೆಯೇ? ಚಿತ್ರದಲ್ಲಿದ್ದಷ್ಟು ಚೆನ್ನಾಗಿಲ್ಲ, ದಪ್ಪಗಿದ್ದಾನೆ ಎಂದಳಂತೆ. ಮದುವೆಯ ದಿನವೂ ವರ ಅಮಲಿನಲ್ಲೇ ತೂರಾಡಿದ.

1796ರ ಜನವರಿಯಲ್ಲಿ ಮಗಳು ಷಾರ್ಲೆಟ್ ಹುಟ್ಟಿದಳು. ಕೆಲವೇ ದಿನಗಳಲ್ಲಿ ಅಪ್ಪ ಉಯಿಲು ಬರೆದ: ಹೆಂಡತಿಗೆ ಒಂದೇ ಒಂದು ಶಿಲ್ಲಿಂಗ್! 1821ರಲ್ಲಿ ಅವನ ಪಟ್ಟಾಭಿಷೇಕಕ್ಕೆ ಕ್ಯಾರೊಲಿನ್ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಬಾಗಿಲಿಗೆ ಬಂದರೆ ಕಾವಲಿನವರು ಟಿಕೆಟ್ ಕೇಳಿದರು. ರಾಣಿಗೇ ಟಿಕೆಟ್ಟು!

ಇಷ್ಟು ಕ್ರೌರ್ಯದ ಹಿಂದೆ ಬಚ್ಚಿಟ್ಟ ಪ್ರೀತಿ ಇರಲಿಲ್ಲವೇ ಎನ್ನುತ್ತೀರಾ? ಇತ್ತು, ಖಂಡಿತ ಇತ್ತು. ವಿಳಾಸ ಮಾತ್ರ ಬೇರೆ. 1785ರಲ್ಲೇ ಆತ ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ವಿಧವೆಯನ್ನು ಗುಟ್ಟಾಗಿ ಮದುವೆಯಾಗಿದ್ದ. ರಾಜನ ಒಪ್ಪಿಗೆ ಇಲ್ಲದ್ದರಿಂದ ಕಾನೂನು ಅದನ್ನು ಮದುವೆಯೆಂದು ಒಪ್ಪಲಿಲ್ಲ, ಅಷ್ಟೆ.

ಆದ್ದರಿಂದ ಹೆಣ್ಣುಮಕ್ಕಳೇ, ಗಂಡ ಗದರಿದರೆ ಒಳಗೆ ಪ್ರೀತಿಯ ಊಟೆ ಉಕ್ಕುತ್ತಿದೆ ಎಂದು ಮುನ್ನೂರು ಪುಟ ಕಾಯಬೇಡಿ. ಮೊದಲು ಅವನ ಸಾಲದ ಪಟ್ಟಿ ನೋಡಿ.