ಕಲ್ಲಿಗೆ ಒದ್ದರೆ ಆಯಿತೇ?

"ನಾವಿಬ್ರೂ ಒಳಗೆ ಹೋದ್ಮೇಲೂ ಈ ದಾಸವಾಳ ಇಲ್ಲೇ ಇರುತ್ತೆ ಅಂತ ಏನು ಗ್ಯಾರಂಟಿ ಸ್ವಾಮಿ?" ಬೇಲಿಯಾಚೆಯಿಂದ ಮೇಷ್ಟ್ರು ಕೇಳಿದರು.

"ಎಲ್ಲಿರುತ್ತೆ ಮೇಷ್ಟ್ರೇ? ಬೆಳಗಿನ ಜಾವಕ್ಕೇ ಪೂಜೆಗೆ ಕೀಳೋರು ಬಂದು ಹೋಗಿರ್ತಾರೆ."

ಅವರು ನಗಲಿಲ್ಲ. ದಾರ್ಶನಿಕ ಬರ್ಕ್ಲಿಯನ್ನು ಓದಿಕೊಂಡು ಬಂದಿದ್ದರು. ಐರ್ಲೆಂಡಿನ ಈ ಪುಣ್ಯಾತ್ಮ 1710ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಒಂದು ಪುಸ್ತಕ ಬರೆದು ವಸ್ತು ಇರುವುದೆಂದರೆ ಯಾರದೋ ಅರಿವಿಗೆ ಬರುವುದು, ಅಷ್ಟೇ ಎಂದುಬಿಟ್ಟ. ದಾಸವಾಳದ ಕೆಂಪು, ಕೇಸರದ ಹಳದಿ ಪುಡಿ, ಹಿಸುಕಿದರೆ ಬೆರಳಿಗೆ ಅಂಟುವ ಲೋಳೆ, ಇವನ್ನೆಲ್ಲ ತೆಗೆದಿಟ್ಟರೆ ಹೂವಿನಲ್ಲಿ ಇನ್ನೇನು ಉಳಿಯುತ್ತದೆ? ನಾವು ನೋಡದಿದ್ದಾಗ ದೇವರು ನೋಡುತ್ತಿರುತ್ತಾನೆ, ಹೂವಿಗೇನೂ ಭಯವಿಲ್ಲ. ಮುಂದೆ ಬಿಷಪ್ ಆದವನು, ಬೇರೆ ಏನು ಹೇಳಿಯಾನು!

"1763ರಲ್ಲಿ ಇಂಗ್ಲೆಂಡಿನ ಹಾರ್ವಿಚ್‌ನಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಕಲ್ಲಿಗೆ ಒದ್ದು ಇದನ್ನ ಖಂಡಿಸಿದ್ನಲ್ಲ?" ಎಂದೆ.

"ಒದ್ದಾಗ ಸಿಕ್ಕಿದ್ದೇನು? ಕಾಲಿಗೆ ಗಟ್ಟಿ ಅನ್ನಿಸಿದ್ದು. ಅದೂ ಅನುಭವವೇ! ಬರ್ಕ್ಲಿ ಕಲ್ಲು ಇಲ್ಲ ಅಂದಿಲ್ಲ. ಅನುಭವದ ಹಿಂದೆ ಅವಿತುಕೊಂಡ ಜಡವಸ್ತು ಅಂತ ಇನ್ನೊಂದಿಲ್ಲ ಅಂದ."

ಒಪ್ಪಬೇಕಾದ ಮಾತೇ. ಆದರೆ ಮೇಷ್ಟ್ರು ಅಲ್ಲಿಗೆ ನಿಲ್ಲಿಸಬೇಕಲ್ಲ. "ನಮ್ಮ ಶಂಕರರೂ ಎಲ್ಲ ಮಾಯೆ ಅಂತ ಇದನ್ನೇ ಹೇಳಿದ್ದು" ಎಂದರು.

ಇದನ್ನು ಮಾತ್ರ ನಾನು ಬಿಡಲಿಲ್ಲ. ಹೊರಗೆ ವಸ್ತುವೇ ಇಲ್ಲ, ಇರುವುದು ಅರಿವಷ್ಟೇ ಎನ್ನುವ ವಿಜ್ಞಾನವಾದಿ ಬೌದ್ಧರನ್ನು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಚೆನ್ನಾಗಿಯೇ ಝಾಡಿಸಿದ್ದಾರೆ. ಉಂಡು ತೃಪ್ತನಾದವನು ತಾನು ಉಂಡೇ ಇಲ್ಲ ಎಂದಂತಾಯಿತು ಎಂಬ ಗೇಲಿ ಬೇರೆ. ಎಲ್ಲ ಕನಸಿನಂತೆ ಎಂಬ ವಾದವೂ ಅವರ ಹತ್ತಿರ ನಡೆಯದು. ಕನಸು ಎದ್ದ ಮೇಲೆ ಸುಳ್ಳಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗುವುದಿಲ್ಲ. ಬ್ರಹ್ಮಜ್ಞಾನ ಆಗುವವರೆಗೂ ಕಂಬ ಕಂಬವೇ, ತಲೆ ತಾಗಿದರೆ ಬೋರೆ ಬರುತ್ತದೆ. ಉಡುಪಿಯ ಮಧ್ವಾಚಾರ್ಯರಂತೂ ಜಗತ್ತೇ ಸತ್ಯ ಎಂದು ದೇವರು, ಜೀವ, ಜಡಗಳ ನಡುವಿನ ಪಂಚಭೇದ ಹೇಳಿ, ಮಾಯೆಯ ಮಾತಿಗೇ ಬಾಗಿಲು ಹಾಕಿದರು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂತೂ ಬರ್ಕ್ಲಿ ಪುಸ್ತಕ ಆಗ ಜನಕ್ಕೆ ಹಿಡಿಸ್ತೋ ಇಲ್ವೋ?" ಎಂದರು.

ಹಿಡಿಸಿತು, ಆದರೆ ಈ ಪುಸ್ತಕವಲ್ಲ. ಪೈನ್ ಮರದ ಟಾರು ಕಲಸಿ ತಿಳಿಯಾಗಿಸಿದ ನೀರು ಸಕಲ ರೋಗಕ್ಕೂ ಮದ್ದೆಂದು 1744ರಲ್ಲಿ ಬರೆದನಲ್ಲ, ಅವನು ಬದುಕಿದ್ದಾಗ ಬಿಸಿ ದೋಸೆಯಂತೆ ಖರ್ಚಾದದ್ದು ಅದು.