ಗಣಪನಿಗಿಲ್ಲದ ಸೀಲಿಂಗು

ಹೊಳಲ್ಕೆರೆಯಲ್ಲಿ ಹಳೇ ಆರ್‌ಸಿಸಿ ಮನೆಯೊಂದನ್ನು ಕೊಂಡು, ಸಿಂಗಾರ ಮಾಡಿ, ಆರೇ ತಿಂಗಳಿಗೆ ಮಾರಿ ದುಡ್ಡು ಬಾಚುವ ಸ್ಕೀಮು ನನ್ನ ಷಡ್ಡಕನದು. 'ಬೆಂಗಳೂರಲ್ಲಿ ಎಲ್ಲಾ ಇದನ್ನೇ ಮಾಡೋದು, ಅಣ್ಣಾರೆ' ಅಂದ.

ಕೊಳ್ಳುವಾಗಲೇ ಸ್ಟಾಂಪ್ ಡ್ಯೂಟಿ ಕಕ್ಕಿದ್ದ. ನೋಂದಣಿ ಶುಲ್ಕ ಬೇರೆ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿ ಕೂತಿದೆ. 24 ತಿಂಗಳೊಳಗೆ ಮಾರಿದರೆ ಲಾಭವೆಲ್ಲ ಅವನ ಸಂಬಳಕ್ಕೇ ಸೇರಿ, ಅದೇ ಸ್ಲ್ಯಾಬಿನಲ್ಲಿ ತೆರಿಗೆ. ಇಷ್ಟು ಹೇಳಿದ್ದಕ್ಕೆ ಮನೆಯವರೆಲ್ಲ ಸೇರಿ ನನಗೆ 'ಅಪಶಕುನ' ಅಂತ ಬಿರುದು ಕೊಟ್ಟರು.

ನಡುಮನೆಗೆ ಪಿಒಪಿ ಸೀಲಿಂಗು ಬಂತು, ಅದರ ಅಂಚಿಗೆ ಬಾರ್‌ನಲ್ಲಿರುವಂಥ ನೀಲಿ ದೀಪ. ಮಾಡ್ಯುಲರ್ ಕಿಚನ್ನೂ ಬಂತು. ಬೀಸುವ ಕಲ್ಲು ಹೊರಗೆ ಹೋಯಿತು. 'ತಾರಸಿ ಸೋರುತ್ತಲ್ಲೋ, ಮೊದಲು ಅದನ್ನ ನೋಡು' ಅಂದೆ.

'ಸೋರೋದು ಮಳೆಗಾಲದಲ್ಲಿ ತಾನೆ? ನಾನು ಮಾರೋದು ಬೇಸಿಗೇಲಿ.'

ಸೂರಿನ ವಿಷಯಕ್ಕೆ ಈ ಊರಲ್ಲಿ ಅವನಿಗೆ ದೊಡ್ಡವರೇ ಸಾಕ್ಷಿ ಇದ್ದಾರೆ. ಬಯಲು ಗಣಪನ ಪ್ರತಿಷ್ಠೆ ಆಗಿದ್ದು 1475ರಲ್ಲಿ ಅಂತಾರೆ. ಹೆಸರೇ ಹೇಳುವ ಹಾಗೆ ಇರುವುದು ಬಯಲಲ್ಲಿ, ಮಹಿಮೆಗೆ ಮಾತ್ರ ಕಡಿಮೆಯಿಲ್ಲ. 'ಆದರೆ ಅವನನ್ನ ಕೊಳ್ಳೋಕೆ ಯಾರೂ ಬರಲ್ಲವಲ್ಲಪ್ಪ' ಅಂದೆ.

ಇವನ ಮನೆಗೆ ಬಂದರು. ಅಡಿಕೆ ತೋಟದ ಯಜಮಾನರು, ಕಂಕುಳಲ್ಲಿ ಕೊಡೆ. ಷಡ್ಡಕ ಓಡಿಹೋಗಿ ನೀಲಿ ದೀಪ ಹಾಕಿದ. ಅವರು ಕತ್ತೆತ್ತಲಿಲ್ಲ. ಹೊಸಿಲಲ್ಲೇ ನಿಂತು ಬಾಗಿಲು ಯಾವ ದಿಕ್ಕು ಅಂತ ನೋಡಿಕೊಂಡರು. ಬಚ್ಚಲ ನಲ್ಲಿ ತಿರುಗಿಸಿ, ಅದು ಕೆಮ್ಮಿ ಕೆಮ್ಮಿ ನೀರು ಬಿಡುವವರೆಗೆ ಕಾದರು. ಸಂಪಿನ ಮುಚ್ಚಳ ಸರಿಸಿ ಸಣ್ಣ ಕಲ್ಲೊಂದು ಹಾಕಿ ಕಿವಿಗೊಟ್ಟರು. ಆಮೇಲೆ ತಾರಸಿ. ಮೂಲೆಯಲ್ಲಿ ಒಣಗಿದ ಪಾಚಿಯನ್ನು ಹೆಬ್ಬೆರಳಲ್ಲಿ ಕೆರೆದು, 'ಇಲ್ಲಿ ನೀರು ನಿಲ್ಲುತ್ತೆ' ಅಂದರು. ಹೊರಗೆ ಸುಡು ಬಿಸಿಲು, ಬೇಸಿಗೆಯೇ! ಷಡ್ಡಕ ನನ್ನ ಮುಖ ನೋಡಿದ. ನಾನು ಗುಡ್ಡದ ಕಡೆ ನೋಡಿದೆ.

'ಇ-ಖಾತೆ ನಿಮ್ಮ ಹೆಸರಿಗೆ ಬಂದಿದೆಯಾ?'

'ಅರ್ಜಿ ಹಾಕಿದೀನಿ...'

ಕಿಚನ್ನಿನ ಡ್ರಾಯರು ಎಳೆದು ತೋರಿಸಿದ. ಅದು ಸದ್ದಿಲ್ಲದೆ ತಾನೇ ಮುಚ್ಚಿಕೊಂಡಿತು. 'ಕೆಟ್ಟರೆ ಇಲ್ಲಿ ಯಾರು ರಿಪೇರಿ ಮಾಡ್ತಾರೆ?' ಉತ್ತರವಿಲ್ಲ. ಹೊರಡುವಾಗ ಹಿತ್ತಲ ಬೀಸುವ ಕಲ್ಲು ಕಣ್ಣಿಗೆ ಬಿತ್ತು. 'ಇದೂ ಮನೆ ಜೊತೆಗೇನಾ?' ಅಂತ ಅವರು ಆಸೆಯಿಂದ ಕೇಳಿದ್ದು ಅದೊಂದನ್ನೇ.

ಕೊನೆಗೂ ತಲೆಯೆತ್ತಿ, ಕೊಡೆಯ ತುದಿಯಿಂದ ಸೀಲಿಂಗನ್ನು ತಟ್ಟಿದರು.

'ಇದರೊಳಗೆ ಇಲಿ ಸೇರಲ್ವಾ?'

'ಇಲ್ಲ ಯಜಮಾನ್ರೆ, ಒಂದೂಕಾಲು ಲಕ್ಷ ಆಗಿದೆ ಇದಕ್ಕೆ!'

'ಹೌದಾ? ಹಂಗಾದ್ರೆ ಕೀಳಿಸೋ ಕೂಲಿಯೂ ಜಾಸ್ತಿ ಆಗುತ್ತೆ. ಅಷ್ಟನ್ನ ನಿಮ್ಮ ರೇಟಲ್ಲಿ ಮುರ್ಕೊಳ್ಳಿ.'