ಗುರುತಿಲ್ಲದವರ ಜತೆ ಬೈಟು

ಇಟಲಿಯವರು ಒಳ್ಳೆಯ ಜನ, ಅನುಮಾನವಿಲ್ಲ. ಆದರೆ ಬೆಳಗಿನ ಹನ್ನೊಂದು ದಾಟಿದ ಮೇಲೆ ಹಾಲಿನ ಕಾಫಿ ಕೇಳಿದವನನ್ನು ಅವರು ನೋಡುವ ಒಂದು ನೋಟವಿದೆ. ಏಕಾದಶಿಯ ದಿನ ಮಠಕ್ಕೆ ಹೋಗಿ ಈರುಳ್ಳಿ ಬಜ್ಜಿ ಕೇಳಿದರೂ ಅಂಥ ನೋಟ ಬೀಳಲಾರದು. ಕ್ಯಾಪುಚಿನೊ ಬೆಳಗಿನ ತಿಂಡಿಯ ಜತೆಗಾಯಿತು. ಊಟವಾದ ಮೇಲೆ ಅಷ್ಟು ಹಾಲು ಕುಡಿದರೆ ಅರಗುವುದಿಲ್ಲ ಎಂದು ಅವರ ನಂಬಿಕೆ. ಮೊಸರನ್ನ ಉಂಡು, ಮೇಲೊಂದು ಲೋಟ ಮಜ್ಜಿಗೆ ಕುಡಿದು, ಸಣ್ಣ ನಿದ್ದೆ ತೆಗೆದು, ಎದ್ದವರೇ ಗಟ್ಟಿ ಹಾಲಿನ ಕಾಫಿಗೆ ಕೈಚಾಚುವ ವಂಶದವನಿಗೆ ಈ ಪಾಠ!

ರೋಮಿನಲ್ಲಿ ಮೊದಮೊದಲು ಎಲ್ಲ ಸಲೀಸಾಗಿಯೇ ಇತ್ತು. ಗಲ್ಲಾದಲ್ಲಿ ದುಡ್ಡು ಕಟ್ಟಿ ಚೀಟಿ ತಗೊಳ್ಳುವುದು, ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟು ನಿಂತೇ ಕುಡಿಯುವುದು. ಕೂತರೆ ದರ ಬೇರೆ. ಬೆಂಗಳೂರಿನ ದರ್ಶಿನಿಗಳಲ್ಲಿ ಟೋಕನ್ ಹಿಡಿದು ಮೊಣಕೈ ಯುದ್ಧ ಮಾಡಿದವರಿಗೆ ಇದೆಲ್ಲ ಏನು ಮಹಾ? ರೂಢಿಯಂತೆ ಒಂದೇ ಹೇಳಿದೆ, ಬೈಟು ಮಾಡಿಕೊಳ್ಳೋಣ ಅಂತ.

ಬಂತು. 25 ಮಿಲಿಲೀಟರ್ ಇದ್ದೀತು.

“ರೀ, ಇದು ರುಚಿ ನೋಡೋಕೆ ಕೊಟ್ಟಿದ್ದಾ?”

“ಇಲ್ಲ ಕಣೇ, ಇದೇ ಕಾಫಿ.”

“ಬರೀ ಡಿಕಾಕ್ಷನ್ ಕೊಟ್ಟು ಹಾಲು ಮರೆತಿದ್ದಾನೆ ಅಷ್ಟೇ. ಕೇಳ್ರೀ.”

ಇನ್ನೊಂದು ಖಾಲಿ ಬಟ್ಟಲು ಬೇಕೆಂದು ಸನ್ನೆ ಮಾಡಿದೆ. ಕೌಂಟರಿನವನು ಒಂದು ಲೋಟ ನೀರು ತಂದಿಟ್ಟ. ಬಹುಶಃ ಮುಖ ತೊಳೆದುಕೊಳ್ಳಲಿ ಎಂದಿರಬೇಕು.

ಈ ಅವಸರಕ್ಕೆಲ್ಲ ಮೂಲಪುರುಷ ಮಿಲಾನಿನ ಲುಯಿಜಿ ಬೆಜ್ಜೆರಾ. 1901ರಲ್ಲಿ ಹಬೆಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಮಾಡಿಸಿದ. ಈಗ ಅರ್ಧ ನಿಮಿಷದೊಳಗೆ ಕಾಫಿ ಇಳಿಯುತ್ತದೆ, ಎರಡು ಗುಟುಕಿನಲ್ಲಿ ಗಂಟಲಿಗೂ ಇಳಿಯುತ್ತದೆ, ಕುಡಿದವನು ಬೀದಿಗಿಳಿಯುತ್ತಾನೆ. ಪೇಪರ್ ಬಿಡಿಸುವುದಿಲ್ಲ, ಸರ್ಕಾರ ಬೀಳಿಸುವುದಿಲ್ಲ, ಮಗಳಿಗೆ ಗಂಡು ಗೊತ್ತಾಯಿತಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮತ್ತೆ ಕಾಫಿ ಯಾತಕ್ಕೆ ಕುಡಿಯುತ್ತಾರೋ!

ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಉಂಟು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಬೆಳೆಯುವುದು ಕರ್ನಾಟಕದಲ್ಲಿ. ಆ ಬಟ್ಟಲಿನ ಮೇಲೆ ನಿಂತ ಹೊಂಬಣ್ಣದ ನೊರೆಗೆ ಕೊಡಗಿನದೋ ಚಿಕ್ಕಮಗಳೂರಿನದೋ ರೊಬಸ್ಟಾ ತನ್ನ ಪಾಲು ಸಲ್ಲಿಸಿರಲಿಕ್ಕೂ ಸಾಕು. ಬೀಜ ನಮ್ಮ ಕಡೆಯದು, ಕಾನೂನು ಅವರದು.

ನೇಪಲ್ಸಿಗೆ ಹೋದ ಮೇಲೆ ಮನಸ್ಸು ಸ್ವಲ್ಪ ತಣ್ಣಗಾಯಿತು. ಅಲ್ಲಿ ‘ಸೊಸ್ಪೆಸೊ’ ಎಂಬ ಹಳೆಯ ಪದ್ಧತಿ ಇದೆ. ಎರಡು ಕಾಫಿಗೆ ದುಡ್ಡು ಕಟ್ಟಿ ಒಂದನ್ನು ಕುಡಿದು ಹೋಗುವುದು. ಇನ್ನೊಂದು, ಕೈಯಲ್ಲಿ ಕಾಸಿಲ್ಲದೆ ಆಮೇಲೆ ಬರುವ ಯಾರಿಗೋ. ಗುರುತಿಲ್ಲದವರ ಜತೆ ಬೈಟು! ಇಂಥ ಜನರ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂದು ಉಬ್ಬಿಹೋಗಿ ಎರಡಕ್ಕೆ ಕಟ್ಟಿದೆ. ಒಂದನ್ನು ಹೆಂಡತಿಯ ಮುಂದಿಟ್ಟು, ಅರ್ಧ ನನಗೆ ಉಳಿಸು ಎಂದು ವಿಷಯ ವಿವರಿಸಿದೆ.

ಅವಳು ಬಟ್ಟಲನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಯಾರೋ ದಾರೀಲಿ ಹೋಗೋರಿಗೆ ಪೂರ್ತಿ ಕಾಫಿ, ಕಟ್ಟಿಕೊಂಡೋಳಿಗೆ ಬೈಟುನಾ?”